ಸ್ವಾತಂತ್ರ್ಯದ ಊರು, ಊರಂಚಿನ ಜನರು: ಅಮೆರಿಕದ ಕಾಂಕರ್ಡ್ ಪಟ್ಟಣದ ಚರಿತ್ರೆ

ಪೀಠಿಕೆ

ಸ್ಥಳೀಯ ಚರಿತ್ರೆಯ ಅಧ್ಯಯನದಲ್ಲಿ ಸಣ್ಣ ಊರುಗಳಿಗೆ ವಿಶಿಷ್ಟವಾದ ಸ್ಥಾನವಿದೆ. ರಾಜಧಾನಿಗಳ ಚರಿತ್ರೆಯು ಆಳಿದವರ ಚರಿತ್ರೆಯಾಗಿಬಿಡುವ ಸಂಭವ ಹೆಚ್ಚು. ಸಣ್ಣ ಊರಿನಲ್ಲಾದರೋ ಸಭೆಯಲ್ಲಿ ಕುಳಿತವರು, ಹೊಲ ಉತ್ತವರು, ಗ್ರಂಥ ಬರೆದವರು, ಊಳಿಗ ಮಾಡಿದವರು ಎಲ್ಲರೂ ಒಂದೇ ದಾರಿಯಲ್ಲಿ ಓಡಾಡಿರುತ್ತಾರೆ. ಒಂದೇ ದಾಖಲೆ ಪುಸ್ತಕದಲ್ಲಿ ಅವರ ಹೆಸರುಗಳು ದೊರೆಯುತ್ತವೆ. ಈ ದೃಷ್ಟಿಯಿಂದ ಅಮೆರಿಕ ಸಂಯುಕ್ತ ಸಂಸ್ಥಾನದ ಈಶಾನ್ಯ ಭಾಗದಲ್ಲಿರುವ ಮಸಾಚುಸೆಟ್ಸ್ ರಾಜ್ಯದ ಕಾಂಕರ್ಡ್ ಎಂಬ ಪಟ್ಟಣವು ಅಧ್ಯಯನಯೋಗ್ಯವಾಗಿದೆ. ಬಾಸ್ಟನ್ ನಗರದ ಪಶ್ಚಿಮಕ್ಕೆ ಸುಮಾರು 30 ಕಿಲೋಮೀಟರ್ ದೂರದಲ್ಲಿರುವ ಈ ಊರಿನ ಜನಸಂಖ್ಯೆ 2020ರ ಜನಗಣತಿಯಲ್ಲಿ 18,000ವನ್ನು ಸ್ವಲ್ಪ ಮೀರಿತ್ತು. ಇಷ್ಟು ಸಣ್ಣ ಊರು ಎರಡು ಕಾರಣಗಳಿಗಾಗಿ ಜಗತ್ಪ್ರಸಿದ್ಧವಾಗಿದೆ. ಒಂದು, 1775ರಲ್ಲಿ ಬ್ರಿಟಿಷ್ ಸೈನ್ಯದ ವಿರುದ್ಧ ಇಲ್ಲಿ ನಡೆದ ಹೋರಾಟ. ಇನ್ನೊಂದು, ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲಿ ನೆರೆಹೊರೆಯವರಾಗಿ ಬಾಳಿದ ಎಮರ್ಸನ್, ಥೋರೊ, ಹಾಥಾರ್ನ್ ಮತ್ತು ಆಲ್ಕಾಟ್ ಕುಟುಂಬದ ಸಾಹಿತ್ಯ ಸಾಧನೆ.

ಈ ಎರಡು ಪ್ರಸಿದ್ಧಿಗಳ ಮೂಲದಲ್ಲಿರುವುದು ಸ್ವಾತಂತ್ರ್ಯದ ಪ್ರಶ್ನೆಯೇ. ಆದರೆ ಸ್ವಾತಂತ್ರ್ಯಕ್ಕಾಗಿ ಕೋವಿ ಹಿಡಿದ ಇದೇ ಊರಿನಲ್ಲಿ ಆಗ ಗುಲಾಮರೂ ಇದ್ದರು. ಕಾಂಕರ್ಡಿನ ಪ್ರಮುಖ ನಿವಾಸಿಗಳನ್ನು ಕಾಲಾನುಕ್ರಮದಲ್ಲಿ ಪರಿಚಯಿಸುವುದರೊಂದಿಗೆ, ‘ಪ್ರಮುಖರು’ ಎಂಬ ಪಟ್ಟಿಯಲ್ಲಿ ಯಾರು ಸೇರಿದರು, ಯಾರು ಬಹುಕಾಲ ಹೊರಗುಳಿದರು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ಊರಿನ ಉಗಮ

ಅಸಾಬೆಟ್ ಮತ್ತು ಸಡ್ಬರಿ ಎಂಬ ಎರಡು ಸಣ್ಣ ನದಿಗಳು ಕೂಡಿ ಕಾಂಕರ್ಡ್ ನದಿಯಾಗುವ ಸಂಗಮ ಸ್ಥಳದ ಸುತ್ತ ಈ ಊರು ಬೆಳೆದಿದೆ. ಇಲ್ಲಿನ ಮೂಲನಿವಾಸಿಗಳಾದ ಅಲ್ಗಾಂಕ್ವಿನ್ ಭಾಷಿಕರು ಈ ಪ್ರದೇಶವನ್ನು ಮಸ್ಕೆಟಾಕ್ವಿಡ್ ಎಂದು ಕರೆಯುತ್ತಿದ್ದರು. ಹುಲ್ಲುಗಾವಲಿನ ನಡುವೆ ಹರಿಯುವ ನದಿ ಎಂಬುದು ಆ ಹೆಸರಿನ ಭಾವ. ನದಿಯ ಮೀನು, ಬಯಲಿನ ಮೆಕ್ಕೆಜೋಳ ಅವರ ಜೀವನಾಧಾರವಾಗಿದ್ದವು. ಯುರೋಪಿಯನ್ನರು ತಂದ ಸಾಂಕ್ರಾಮಿಕ ರೋಗಗಳಿಂದ ಅವರ ಸಂಖ್ಯೆ ಬಹುವಾಗಿ ಕುಗ್ಗಿದ ಮೇಲೆ, 1635ರಲ್ಲಿ ಪಾದ್ರಿ ಪೀಟರ್ ಬಲ್ಕ್‌ಲಿ ಮತ್ತು ತುಪ್ಪಳದ ವ್ಯಾಪಾರಿ ಸೈಮನ್ ವಿಲ್ಲರ್ಡ್ ಇವರ ನೇತೃತ್ವದಲ್ಲಿ ಇಂಗ್ಲಿಷ್ ಕುಟುಂಬಗಳು ಇಲ್ಲಿ ನೆಲೆಸಿದವು. ಸಮುದ್ರದ ಉಬ್ಬರವಿಳಿತದ ಎಲ್ಲೆಯನ್ನು ದಾಟಿ ಒಳನಾಡಿನಲ್ಲಿ ಮಸಾಚುಸೆಟ್ಸ್ ವಸಾಹತುದಾರರು ಕಟ್ಟಿದ ಮೊದಲ ಊರು ಇದು. ಆರು ಮೈಲಿ ಚದರದ ನೆಲವನ್ನು ಕೊಡಲಿ, ಗುದ್ದಲಿ, ಚಾಕು, ಬಟ್ಟೆ ಮತ್ತು ಕವಡೆಮಣಿಗಳಿಗೆ ಪ್ರತಿಯಾಗಿ ಮೂಲನಿವಾಸಿಗಳಿಂದ ಕೊಂಡುಕೊಳ್ಳಲಾಯಿತೆಂದು ಊರಿನ ದಾಖಲೆಗಳು ಹೇಳುತ್ತವೆ. ಕಾಂಕರ್ಡ್ ಎಂದರೆ ಸಾಮರಸ್ಯ.

ಈ ಸಾಮರಸ್ಯ ಬಹುಕಾಲ ಉಳಿಯಲಿಲ್ಲ. 1675ರಲ್ಲಿ ಮೂಲನಿವಾಸಿಗಳಿಗೂ ವಸಾಹತುದಾರರಿಗೂ ಯುದ್ಧ ಆರಂಭವಾದಾಗ, ಕ್ರೈಸ್ತ ಧರ್ಮಕ್ಕೆ ಸೇರಿದ್ದ ನಶೋಬಾ ಗ್ರಾಮದ ಮೂಲನಿವಾಸಿಗಳನ್ನು ಕಾಂಕರ್ಡಿಗೆ ಕರೆತರಲಾಯಿತು. ಅವರಿಗೆ ಆಶ್ರಯ ಕೊಡಲು ಮುಂದೆ ಬಂದವನು ಜಾನ್ ಹೋರ್ ಎಂಬ ವಕೀಲ. ಆದರೆ ಕೆಲವೇ ತಿಂಗಳಲ್ಲಿ ಸೈನಿಕರು ಬಂದು ಅವರನ್ನು ಬಾಸ್ಟನ್ ಬಂದರಿನ ಡಿಯರ್ ದ್ವೀಪಕ್ಕೆ ಸಾಗಿಸಿದರು. ಚಳಿಗೂ ಹಸಿವಿಗೂ ಸಿಕ್ಕಿ ಆ ದ್ವೀಪದಲ್ಲಿ ಅನೇಕ ಮೂಲನಿವಾಸಿಗಳು ಮಡಿದರು. ಊರಿನ ಬಹುಮತ ಒಂದು ಕಡೆ, ಒಬ್ಬ ವ್ಯಕ್ತಿಯ ಅಂತಸ್ಸಾಕ್ಷಿ ಇನ್ನೊಂದು ಕಡೆ ನಿಲ್ಲುವ ಪ್ರಸಂಗ ಕಾಂಕರ್ಡಿನ ಚರಿತ್ರೆಯಲ್ಲಿ ಮತ್ತೆ ಮತ್ತೆ ಕಂಡುಬರುತ್ತದೆ. ಅದರ ಮೊದಲ ನಿದರ್ಶನಗಳಲ್ಲಿ ಇದು ಒಂದೆನ್ನಬಹುದು.

1775ರ ಹೋರಾಟ

ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಕಾಂಕರ್ಡ್ ಸುಮಾರು 1,500 ಜನರ ಕೃಷಿಪ್ರಧಾನ ಊರಾಗಿತ್ತು. ಬ್ರಿಟಿಷ್ ಆಡಳಿತಕ್ಕೆ ಎದುರಾಗಿ ಮಸಾಚುಸೆಟ್ಸ್ ಜನರು ಸ್ಥಾಪಿಸಿಕೊಂಡ ಪ್ರಾಂತೀಯ ಪ್ರತಿನಿಧಿ ಸಭೆಯು 1774ರ ಅಕ್ಟೋಬರ್‌ನಲ್ಲಿ ಇಲ್ಲಿ ಸೇರಿತು. ಮದ್ದುಗುಂಡು ಮತ್ತು ಆಹಾರಧಾನ್ಯಗಳನ್ನು ಊರಿನ ಮನೆಗಳಲ್ಲಿಯೂ ಕರ್ನಲ್ ಜೇಮ್ಸ್ ಬ್ಯಾರೆಟ್‌ನ ಹೊಲದಲ್ಲಿಯೂ ಸಂಗ್ರಹಿಸಿಡಲಾಯಿತು. ಇವನ್ನು ನಾಶಪಡಿಸುವ ಉದ್ದೇಶದಿಂದ 1775ರ ಏಪ್ರಿಲ್ 18ರ ರಾತ್ರಿ ಸುಮಾರು 700 ಬ್ರಿಟಿಷ್ ಸೈನಿಕರು ಬಾಸ್ಟನ್ನಿನಿಂದ ಹೊರಟರು. ಸುದ್ದಿ ತರುತ್ತಿದ್ದ ಪಾಲ್ ರೆವೆರ್ ದಾರಿಯಲ್ಲಿ ಸೆರೆಸಿಕ್ಕಿದುದರಿಂದ, ಕಾಂಕರ್ಡಿಗೆ ಎಚ್ಚರಿಕೆ ಮುಟ್ಟಿಸಿದವನು ಅದೇ ಊರಿನ ತರುಣ ವೈದ್ಯ ಸ್ಯಾಮ್ಯುಯೆಲ್ ಪ್ರೆಸ್ಕಾಟ್.

ಏಪ್ರಿಲ್ 19ರ ಬೆಳಗ್ಗೆ ಲೆಕ್ಸಿಂಗ್ಟನ್ ಗ್ರಾಮದಲ್ಲಿ ರಕ್ತಪಾತವಾಯಿತು. ಅನಂತರ ಕಾಂಕರ್ಡಿನ ಉತ್ತರ ಸೇತುವೆಯ ಬಳಿ ರೈತಪಡೆ ಮತ್ತು ಬ್ರಿಟಿಷ್ ತುಕಡಿ ಎದುರುಬದುರಾದವು. ಮೊದಲು ಗುಂಡು ಹಾರಿಸಿದವರು ಬ್ರಿಟಿಷರು. ನೆರೆಯ ಆಕ್ಟನ್ ಊರಿನ ಕ್ಯಾಪ್ಟನ್ ಐಸಾಕ್ ಡೇವಿಸ್ ಮತ್ತು ಅಬ್ನರ್ ಹಾಸ್ಮರ್ ಬಿದ್ದರು. ಮೇಜರ್ ಜಾನ್ ಬಟ್ರಿಕ್‌ನ ಆಜ್ಞೆಯಂತೆ ರೈತರು ತಿರುಗಿ ಗುಂಡು ಹಾರಿಸಿದರು. ಬಾಸ್ಟನ್ನಿಗೆ ಹಿಂದಿರುಗುವ ದಾರಿಯುದ್ದಕ್ಕೂ ಕಲ್ಲುಗೋಡೆ, ಮರಗಳ ಮರೆಯಿಂದ ನಡೆದ ದಾಳಿಯೂ ಸೇರಿ ಆ ದಿನ ಬ್ರಿಟಿಷರ ಕಡೆ 73 ಮಂದಿ ಸತ್ತು 174 ಮಂದಿ ಗಾಯಗೊಂಡರು. ಅಮೆರಿಕನ್ನರ ಪೈಕಿ 49 ಮಂದಿ ಮಡಿದರು. ಸೇತುವೆಯ ಪಕ್ಕದಲ್ಲೇ ಇದ್ದ ತನ್ನ ಮನೆಯ ಬಳಿ ನಿಂತು ಈ ಘಟನೆಯನ್ನು ಕಂಡ ಪಾದ್ರಿ ವಿಲಿಯಂ ಎಮರ್ಸನ್ ಮುಂದಿನ ವರ್ಷ ಸೈನ್ಯದ ಪಾದ್ರಿಯಾಗಿ ಹೋಗಿ ರೋಗದಿಂದ ತೀರಿಕೊಂಡನು. ಆ ಮನೆಯೇ ಮುಂದೆ ‘ಓಲ್ಡ್ ಮ್ಯಾನ್ಸ್’ ಎಂದು ಹೆಸರಾಯಿತು.

ಯುದ್ಧದಷ್ಟೇ ಮುಖ್ಯವಾದ, ಆದರೆ ಅಷ್ಟಾಗಿ ಪ್ರಚಾರಕ್ಕೆ ಬಾರದ ಇನ್ನೊಂದು ಸಂಗತಿಯನ್ನು ಇಲ್ಲಿ ಗಮನಿಸಬೇಕು. 1776ರ ಅಕ್ಟೋಬರ್‌ನಲ್ಲಿ ಕಾಂಕರ್ಡಿನ ಊರ ಸಭೆಯು ಒಂದು ನಿರ್ಣಯವನ್ನು ಅಂಗೀಕರಿಸಿತು. ಶಾಸನಸಭೆಯೇ ಸಂವಿಧಾನವನ್ನು ರಚಿಸಿದರೆ ಅದನ್ನು ಬೇಕಾದಾಗ ಬದಲಿಸುವ ಅಧಿಕಾರವೂ ಅದರ ಕೈಯಲ್ಲೇ ಉಳಿಯುತ್ತದೆ. ಅಂತಹ ಸಂವಿಧಾನ ಪ್ರಜೆಗಳ ಹಕ್ಕನ್ನು ರಕ್ಷಿಸಲಾರದು. ಆದ್ದರಿಂದ ಸಂವಿಧಾನ ರಚನೆಗೆಂದೇ ಪ್ರತ್ಯೇಕ ಸಭೆಯನ್ನು ಕರೆಯಬೇಕು ಎಂಬುದು ಅದರ ಸಾರ. ಇಂತಹ ಬೇಡಿಕೆ ಮುಂದಿಟ್ಟ ಮೊದಲ ಊರು ಇದೆಂದು ಚರಿತ್ರಕಾರರು ಗುರುತಿಸಿದ್ದಾರೆ. 1780ರ ಮಸಾಚುಸೆಟ್ಸ್ ಸಂವಿಧಾನವು ಪ್ರತ್ಯೇಕ ಸಭೆಯಿಂದಲೇ ಸಿದ್ಧವಾಯಿತು. ಎಲ್ಲ ಮನುಷ್ಯರೂ ಹುಟ್ಟಿನಿಂದ ಸ್ವತಂತ್ರರು, ಸಮಾನರು ಎಂಬ ತತ್ತ್ವವನ್ನು ಅದು ಎತ್ತಿಹಿಡಿಯಿತು. ಆ ತತ್ತ್ವವನ್ನು ಆಧರಿಸಿ 1783ರ ಹೊತ್ತಿಗೆ ರಾಜ್ಯದ ನ್ಯಾಯಾಲಯಗಳು ಗುಲಾಮಗಿರಿಯ ಬುಡವನ್ನೇ ಅಲುಗಿಸಿದವು.

ವಾಲ್ಡನ್ ಕಾಡಿನ ಮೊದಲ ನಿವಾಸಿಗಳು

ಉತ್ತರ ಸೇತುವೆಯ ಹೋರಾಟಕ್ಕೆ ಎರಡು ವರ್ಷ ಮೊದಲು, 1773ರಲ್ಲಿ, ಜಾನ್ ಜಾಕ್ ಎಂಬ ಚಮ್ಮಾರನು ಕಾಂಕರ್ಡಿನಲ್ಲಿ ತೀರಿಕೊಂಡನು. ಆಫ್ರಿಕದಲ್ಲಿ ಹುಟ್ಟಿ, ಗುಲಾಮನಾಗಿ ಇಲ್ಲಿಗೆ ಬಂದು, ದುಡಿದು ಕೂಡಿಟ್ಟ ಹಣದಿಂದ ತನ್ನ ಬಿಡುಗಡೆಯನ್ನು ತಾನೇ ಕೊಂಡುಕೊಂಡವನು ಆತ. ಅವನ ಸಮಾಧಿಯ ಕಲ್ಲಿನ ಮೇಲಿನ ಬರಹವನ್ನು ರಚಿಸಿದವನು ಡೇನಿಯಲ್ ಬ್ಲಿಸ್ ಎಂಬ ವಕೀಲ. ಗುಲಾಮಗಿರಿಯ ನಾಡೆನಿಸಿದ ಕಡೆ ಹುಟ್ಟಿದರೂ ಈತ ಸ್ವತಂತ್ರನಾಗಿ ಹುಟ್ಟಿದ, ಸ್ವಾತಂತ್ರ್ಯದ ನಾಡೆನಿಸಿಕೊಂಡ ಕಡೆ ಬಾಳಿದರೂ ಗುಲಾಮನಾಗಿ ಬಾಳಿದ ಎಂಬ ವ್ಯಂಗ್ಯ ಆ ಬರಹದ ತಿರುಳು. ಬ್ಲಿಸ್ ಬ್ರಿಟಿಷ್ ಅರಸನ ಪಕ್ಷಪಾತಿಯಾಗಿದ್ದನು. ತನ್ನ ರಾಜಕೀಯ ಎದುರಾಳಿಗಳನ್ನು ಹಂಗಿಸುವುದು ಅವನ ಉದ್ದೇಶವಾಗಿದ್ದಿರಬಹುದು. ಆದರೆ ಉದ್ದೇಶ ಏನೇ ಇರಲಿ, ಶಾಸನ ಹೇಳುವ ಸತ್ಯ ಸತ್ಯವೇ. ಊರಿನ ಆತ್ಮವಂಚನೆಯನ್ನು ಊರಿನ ನಡುವೆಯೇ ನಿಂತು ಸಾರುವ ಈ ಕಲ್ಲು ಕಾಂಕರ್ಡಿನ ಅತ್ಯಂತ ಮಹತ್ತ್ವದ ಶಾಸನಗಳಲ್ಲಿ ಒಂದು.

ಡಾ. ಜಾನ್ ಕಮಿಂಗ್ ಊರಿನ ಗಣ್ಯ ವೈದ್ಯ, ಊರ ಸಭೆಗಳ ಅಧ್ಯಕ್ಷತೆ ವಹಿಸುತ್ತಿದ್ದವನು. ಅವನ ಮನೆಯ ಗುಲಾಮ ಬ್ರಿಸ್ಟರ್ ಅಮೆರಿಕದ ಕ್ರಾಂತಿಯ ಸೈನ್ಯದಲ್ಲಿ ಸೇವೆ ಸಲ್ಲಿಸಿದನು. ಬಿಡುಗಡೆಯಾದ ಬಳಿಕ ‘ಸ್ವತಂತ್ರ ಮನುಷ್ಯ’ ಎಂಬ ಅರ್ಥದ ‘ಫ್ರೀಮನ್’ ಎಂಬುದನ್ನು ತನ್ನ ಕುಲನಾಮವಾಗಿ ಇಟ್ಟುಕೊಂಡನು. 1785ರಲ್ಲಿ ಅವನು ತನ್ನಂತೆಯೇ ಗುಲಾಮಗಿರಿಯಿಂದ ಬಿಡುಗಡೆಗೊಂಡಿದ್ದ ಇನ್ನೊಬ್ಬ ಸೈನಿಕನೊಡನೆ ಕೂಡಿ ವಾಲ್ಡನ್ ಕಾಡಿನಲ್ಲಿ ಒಂದು ಎಕರೆ ಹಳೆಯ ಹೊಲವನ್ನು ಕೊಂಡನು. ಆ ಪ್ರದೇಶದ ಮಣ್ಣು ಮರಳುಮಿಶ್ರಿತವಾಗಿದ್ದು ಬೇಸಾಯಕ್ಕೆ ಒಗ್ಗುತ್ತಿರಲಿಲ್ಲ. ಬಿಳಿಯ ರೈತರಿಗೆ ಬೇಡವಾದ ನೆಲದಲ್ಲಿ ಮಾತ್ರ ಬಿಡುಗಡೆಗೊಂಡವರಿಗೆ ಸ್ಥಳ ದೊರೆಯುತ್ತಿತ್ತು. ಅಲ್ಲಿಯೇ ನೂಲು ತೆಗೆದು ಬದುಕುತ್ತಿದ್ದ ಜಿಲ್ಫಾ ವೈಟ್ ಎಂಬ ಒಂಟಿ ಹೆಂಗಸಿನ ಗುಡಿಸಲಿತ್ತು. 1812ರಲ್ಲಿ ಆರಂಭವಾದ ಯುದ್ಧದ ಕಾಲದಲ್ಲಿ ಆ ಗುಡಿಸಲು ಬೆಂಕಿಗೆ ಆಹುತಿಯಾಯಿತು. ಕೇಟೊ ಇಂಗ್ರಹಾಂ ಎಂಬವನು ಮುಪ್ಪಿಗಾಗಲಿ ಎಂದು ವಾಲ್‌ನಟ್ ಮರಗಳನ್ನು ಬೆಳೆಸಿಕೊಂಡಿದ್ದನು; ಅವು ಅವನ ಕೈಗೆ ದಕ್ಕಲಿಲ್ಲ. 1822ರಲ್ಲಿ ಬ್ರಿಸ್ಟರ್ ಫ್ರೀಮನ್ ತೀರಿಕೊಂಡ ಮೇಲೆ ಈ ನೆಲೆ ಬರಿದಾಗತೊಡಗಿತು. ಊರಿನ ಒಂದು ಏರು ಮಾತ್ರ ಬ್ರಿಸ್ಟರ್‌ನ ಹೆಸರನ್ನು ಉಳಿಸಿಕೊಂಡಿತು.

ಸೇತುವೆಯ ಬಳಿ ಕಾದಾಡಿದವರ ಹೆಸರುಗಳನ್ನು ಊರು ಪ್ರತಿವರ್ಷವೂ ಸ್ಮರಿಸುತ್ತ ಬಂದಿತು. ಇವರ ಹೆಸರುಗಳಿಗೆ ಮಾತ್ರ ಒಬ್ಬ ಲೇಖಕನ ಲೇಖನಿಯೇ ಆಸರೆಯಾಗಬೇಕಾಯಿತು.

ನೆರೆಹೊರೆಯ ಲೇಖಕರು

ಪಾದ್ರಿ ವಿಲಿಯಂ ಎಮರ್ಸನ್ನನ ಮೊಮ್ಮಗ, ಪೀಟರ್ ಬಲ್ಕ್‌ಲಿಯ ವಂಶಜ ರಾಲ್ಫ್ ವಾಲ್ಡೊ ಎಮರ್ಸನ್ 1834ರಲ್ಲಿ ಓಲ್ಡ್ ಮ್ಯಾನ್ಸ್‌ನಲ್ಲಿ ಬಂದು ನೆಲೆಸಿದನು. 1835ರಲ್ಲಿ ಸ್ವಂತ ಮನೆ ಕೊಂಡುಕೊಂಡನು. 1836ರಲ್ಲಿ ‘ನೇಚರ್’ ಕೃತಿ ಪ್ರಕಟವಾಯಿತು. ಅವನ ಸುತ್ತ ರೂಪುಗೊಂಡ ಚಿಂತನೆಯು ಅನುಭಾವವಾದ ಅಥವಾ ಅತೀತವಾದ ಎಂದು ಹೆಸರಾಯಿತು. ಪ್ರತಿಯೊಬ್ಬ ಮನುಷ್ಯನಲ್ಲಿಯೂ ದಿವ್ಯತೆಯಿದೆ, ಸತ್ಯದ ನಿರ್ಣಯಕ್ಕೆ ಸಂಪ್ರದಾಯಕ್ಕಿಂತ ಅಂತಸ್ಸಾಕ್ಷಿಯೇ ಪ್ರಮಾಣ ಎಂಬುದು ಅದರ ಮುಖ್ಯ ನಿಲುವು. ನಥಾನಿಯಲ್ ಹಾಥಾರ್ನ್ 1842ರಲ್ಲಿ ಮದುವೆಯಾಗಿ ಓಲ್ಡ್ ಮ್ಯಾನ್ಸನ್ನು ಬಾಡಿಗೆಗೆ ಹಿಡಿದಾಗ, ಹೊಸ ದಂಪತಿಗಳಿಗಾಗಿ ಹಿತ್ತಿಲಲ್ಲಿ ತರಕಾರಿ ತೋಟವನ್ನು ಹಾಕಿಕೊಟ್ಟವನು ಹೆನ್ರಿ ಡೇವಿಡ್ ಥೋರೊ. 1845ರಲ್ಲಿ ಬ್ರಾನ್ಸನ್ ಆಲ್ಕಾಟ್‌ನ ಕುಟುಂಬ ‘ಹಿಲ್‌ಸೈಡ್’ ಎಂಬ ಮನೆಯನ್ನು ಕೊಂಡಿತು. 1852ರಲ್ಲಿ ಅದೇ ಮನೆಯನ್ನು ಹಾಥಾರ್ನ್ ಕೊಂಡು ‘ವೇಸೈಡ್’ ಎಂದು ಹೆಸರಿಟ್ಟನು. ಹೀಗೆ ಒಬ್ಬರ ಮನೆ ಇನ್ನೊಬ್ಬರಿಗೆ, ಒಬ್ಬರ ಪುಸ್ತಕ ಇನ್ನೊಬ್ಬರಿಗೆ ಕೈ ಬದಲಾಗುತ್ತಿದ್ದ ಊರು ಇದು.

ಈ ಗೆಳೆಯರ ಓದಿನಲ್ಲಿ ಭಾರತೀಯ ಗ್ರಂಥಗಳಿಗೆ ವಿಶೇಷ ಸ್ಥಾನವಿತ್ತು. 1843ರಲ್ಲಿ ಅವರ ‘ಡಯಲ್’ ಪತ್ರಿಕೆಯಲ್ಲಿ ಮನುಸ್ಮೃತಿಯ ಆಯ್ದ ಭಾಗಗಳು ಅಚ್ಚಾದವು. ಚಾರ್ಲ್ಸ್ ವಿಲ್ಕಿನ್ಸ್ 1785ರಲ್ಲಿ ಪ್ರಕಟಿಸಿದ ಭಗವದ್ಗೀತೆಯ ಅನುವಾದವನ್ನು ಎಮರ್ಸನ್ 1845ರಲ್ಲಿ ಓದಿದನು. ಅದೇ ವರ್ಷ ವಿಲ್ಸನ್ನನ ವಿಷ್ಣುಪುರಾಣದ ಅನುವಾದದಿಂದ ಒಂದು ಭಾಗವನ್ನು ತನ್ನ ದಿನಚರಿಯಲ್ಲಿ ಬರೆದುಕೊಂಡನು. ಭೂಮಿ ನನ್ನದು ಎಂದು ಹೇಳುತ್ತಲೇ ಅಳಿದುಹೋಗುವ ಅರಸರನ್ನು ಕಂಡು ಭೂದೇವಿ ನಗುವುದನ್ನು ಪರಾಶರನು ಮೈತ್ರೇಯನಿಗೆ ಹೇಳುವ ಭಾಗವದು. ಇದನ್ನೇ ಆಧರಿಸಿದ ‘ಹಮಾತ್ರೇಯ’ ಎಂಬ ಕವನದಲ್ಲಿ ಎಮರ್ಸನ್ ಪುರಾಣದ ಅರಸರ ಸ್ಥಾನದಲ್ಲಿ ಕಾಂಕರ್ಡಿನ ಆದಿ ಭೂಮಾಲೀಕರನ್ನು ಹೆಸರಿಸಿ ನಿಲ್ಲಿಸಿದ್ದಾನೆ. ಅವರಲ್ಲಿ ಅವನ ಸ್ವಂತ ಪೂರ್ವಜ ಬಲ್ಕ್‌ಲಿಯೂ ಒಬ್ಬ. ಭಾರತೀಯ ಪುರಾಣವೊಂದು ಅಮೆರಿಕದ ಸಣ್ಣ ಊರಿನ ಒಡೆತನದ ಅಹಂಕಾರಕ್ಕೆ ಕನ್ನಡಿಯಾದ ಈ ಪ್ರಸಂಗ ತೌಲನಿಕ ಅಧ್ಯಯನದ ದೃಷ್ಟಿಯಿಂದ ಮಹತ್ತ್ವದ್ದು. ಈ ಓದಿಗೆ ಅದರದೇ ಮಿತಿಯೂ ಇತ್ತು. ಮನುಸ್ಮೃತಿಯನ್ನು ಥೋರೊ ಮುಖ್ಯವಾಗಿ ಸಂಯಮ, ತಪಸ್ಸುಗಳ ಗ್ರಂಥವಾಗಿ ಮೆಚ್ಚಿದನು. ಭಾರತೀಯ ಓದುಗರಿಗೆ ಮೊದಲು ಕಾಣುವ ವರ್ಣತಾರತಮ್ಯದ ಪ್ರಶ್ನೆ ಆ ಮೆಚ್ಚುಗೆಯಲ್ಲಿ ಹಿಂದೆ ಸರಿಯಿತು.

ಥೋರೊ ಮತ್ತು ವಾಲ್ಡನ್

ಮೇಲ್ಕಂಡ ಲೇಖಕರಲ್ಲಿ ಕಾಂಕರ್ಡಿನಲ್ಲಿಯೇ ಹುಟ್ಟಿದವನು ಥೋರೊ ಒಬ್ಬನೇ. 1817ರ ಜುಲೈ 12ರಂದು ಹುಟ್ಟಿದ ಅವನ ತಂದೆ ಪೆನ್ಸಿಲ್ ತಯಾರಕ. ಹಾರ್ವರ್ಡ್‌ನಲ್ಲಿ ಓದು ಮುಗಿಸಿ ಊರಿಗೆ ಮರಳಿದ ಥೋರೊ ಶಾಲೆ ನಡೆಸಿದನು, ಪೆನ್ಸಿಲ್ ಮಾಡಿದನು, ಜಮೀನು ಅಳೆದನು. 1845ರ ಜುಲೈ 4ರಂದು, ಎಮರ್ಸನ್ನನಿಗೆ ಸೇರಿದ ಜಾಗದಲ್ಲಿ, ವಾಲ್ಡನ್ ಕೊಳದ ದಡದಲ್ಲಿ ತಾನೇ ಕಟ್ಟಿದ 10 ಅಡಿ ಅಗಲ, 15 ಅಡಿ ಉದ್ದದ ಮನೆಯಲ್ಲಿ ವಾಸ ಆರಂಭಿಸಿದನು. ಮನೆಯ ಹಲಗೆಗಳನ್ನು ರೈಲುಹಾದಿಯ ಕೆಲಸಕ್ಕೆ ಬಂದಿದ್ದ ಐರಿಷ್ ಕೂಲಿಯೊಬ್ಬನ ಗುಡಿಸಲಿನಿಂದ 4 ಡಾಲರ್ 25 ಸೆಂಟ್‌ಗೆ ಕೊಂಡಿದ್ದನು. ಒಟ್ಟು ವೆಚ್ಚ 28 ಡಾಲರ್ 12½ ಸೆಂಟ್ ಎಂದು ಲೆಕ್ಕ ಕೊಟ್ಟಿದ್ದಾನೆ. 1847ರ ಸೆಪ್ಟೆಂಬರ್ 6ರವರೆಗೆ, ಎಂದರೆ ಎರಡು ವರ್ಷ ಎರಡು ತಿಂಗಳ ಕಾಲ ಅವನು ಅಲ್ಲಿದ್ದನು. ಕೊಳದ ಆಳವನ್ನು ಹಗ್ಗ ಬಿಟ್ಟು ಅಳೆದು 102 ಅಡಿ ಎಂದು ಗುರುತಿಸಿದನು.

ಈ ಕೊಳಕ್ಕೂ ಭಾರತಕ್ಕೂ ಒಂದು ವಾಣಿಜ್ಯ ಸಂಬಂಧವೂ ಇತ್ತು. ಬಾಸ್ಟನ್ನಿನ ವ್ಯಾಪಾರಿ ಫ್ರೆಡರಿಕ್ ಟ್ಯೂಡರ್ 1833ರಿಂದ ಮಸಾಚುಸೆಟ್ಸ್ ಕೊಳಗಳ ಮಂಜುಗಡ್ಡೆಯನ್ನು ಮರದ ಹೊಟ್ಟಿನಲ್ಲಿ ಮುಚ್ಚಿ ಹಡಗಿನಲ್ಲಿ ಕಲ್ಕತ್ತೆಗೆ ಕಳುಹಿಸುತ್ತಿದ್ದನು. ಮದರಾಸು, ಮುಂಬಯಿಗಳಿಗೂ ಅದು ಹೋಗುತ್ತಿತ್ತು. ಮದರಾಸಿನಲ್ಲಿ ಈ ಮಂಜುಗಡ್ಡೆಯನ್ನು ಇಡಲು ಕಟ್ಟಿದ ‘ಐಸ್ ಹೌಸ್’ ಇಂದಿಗೂ ಚೆನ್ನೈಯ ಕಡಲತೀರದಲ್ಲಿ ವಿವೇಕಾನಂದರ ಸ್ಮಾರಕವಾಗಿ ನಿಂತಿದೆ. 1846–47ರ ಚಳಿಗಾಲದಲ್ಲಿ ವಾಲ್ಡನ್ ಕೊಳದಲ್ಲಿ ಮಂಜುಗಡ್ಡೆ ಕೊಯ್ಯುವ ಕೂಲಿಗಳನ್ನು ಕಂಡ ಥೋರೊ, ಬೆಳಗಿನ ಹೊತ್ತು ತಾನು ಗೀತೆಯನ್ನು ಓದುತ್ತಿರುವಾಗ ತನ್ನ ಕೊಳದ ನೀರು ಗಂಗೆಯ ನೀರಿನೊಡನೆ ಬೆರೆಯುತ್ತಿದೆ ಎಂದು ಭಾವಿಸಿದನು.

1854ರಲ್ಲಿ ಪ್ರಕಟವಾದ ‘ವಾಲ್ಡನ್’ ಗ್ರಂಥವನ್ನು ಪ್ರಕೃತಿಪ್ರೇಮದ ಕೃತಿ ಎಂದಷ್ಟೇ ಓದುವ ರೂಢಿಯಿದೆ. ಆದರೆ ಅದರ ಒಂದು ಅಧ್ಯಾಯವನ್ನು ಥೋರೊ ಆ ಕಾಡಿನ ಹಿಂದಿನ ನಿವಾಸಿಗಳಿಗೆ ಮೀಸಲಿಟ್ಟಿದ್ದಾನೆ. ಬ್ರಿಸ್ಟರ್ ಫ್ರೀಮನ್, ಜಿಲ್ಫಾ, ಕೇಟೊ, ವಾಟರ್‌ಲೂ ಯುದ್ಧದಲ್ಲಿ ಕಾದಿದನೆಂದು ಹೇಳಲಾಗುತ್ತಿದ್ದ ಐರಿಷ್ ಕೂಲಿ ಹ್ಯೂ ಕಾಯಿಲ್ ಇವರೆಲ್ಲ ಅಲ್ಲಿ ಬರುತ್ತಾರೆ. ಕುಸಿದ ನೆಲಮಾಳಿಗೆಯ ಕುಳಿಗಳು, ಮುಚ್ಚಿದ ಬಾವಿ, ಅಂಗಳದಲ್ಲಿ ಉಳಿದ ಹೂಗಿಡ ಇವುಗಳೇ ಅವನ ಆಕರಗಳು. ತಾನು ಹುಡುಕಿಕೊಂಡು ಹೋದ ಏಕಾಂತ ಇನ್ನೊಬ್ಬರಿಗೆ ಬಲವಂತದ ನೆಲೆಯಾಗಿತ್ತು ಎಂಬುದು ಅವನಿಗೆ ತಿಳಿದಿತ್ತು. ಲಿಖಿತ ದಾಖಲೆ ಕೈಬಿಟ್ಟವರನ್ನು ನೆಲದ ಕುರುಹುಗಳಿಂದಲೂ ಹಿರಿಯರ ಬಾಯಿಮಾತಿನಿಂದಲೂ ಗುರುತಿಸುವ ವಿಧಾನ ಇದು. 2009ರಲ್ಲಿ ಎಲೀಸ್ ಲೆಮೈರ್ ಪ್ರಕಟಿಸಿದ ‘ಬ್ಲ್ಯಾಕ್ ವಾಲ್ಡನ್’ ಸಂಶೋಧನ ಗ್ರಂಥವು ಇವರ ಬದುಕನ್ನು ದಾಖಲೆಗಳ ಆಧಾರದಿಂದ ವಿಸ್ತಾರವಾಗಿ ಕಟ್ಟಿಕೊಟ್ಟಿದೆ.

ಗುಲಾಮಗಿರಿ ವಿರೋಧ ಮತ್ತು ಕಾಂಕರ್ಡಿನ ಮಹಿಳೆಯರು

ಕಾಂಕರ್ಡಿನ ಪುರುಷ ಲೇಖಕರು ಗುಲಾಮಗಿರಿಯ ವಿರುದ್ಧ ದನಿಯೆತ್ತಿದರೆಂಬುದು ಪ್ರಸಿದ್ಧ. ಆದರೆ ಅವರಿಗಿಂತ ಮೊದಲು ಸಂಘಟಿತರಾದವರು ಊರಿನ ಹೆಂಗಸರು. 1837ರಲ್ಲಿ ಸ್ಥಾಪನೆಯಾದ ಕಾಂಕರ್ಡ್ ಮಹಿಳಾ ಗುಲಾಮಗಿರಿ ವಿರೋಧಿ ಸಂಘದಲ್ಲಿ ಮೇರಿ ಮೆರಿಕ್ ಬ್ರೂಕ್ಸ್, ಥೋರೊನ ತಾಯಿ ಸಿಂಥಿಯಾ ಮತ್ತು ಸಹೋದರಿಯರು, ಎಮರ್ಸನ್ನನ ಪತ್ನಿ ಲಿಡಿಯನ್ ಸೇರಿದ್ದರು. ಇವರ ಜೊತೆ ಕಪ್ಪುಜನಾಂಗದ ಸೂಸನ್ ಗ್ಯಾರಿಸನ್ ಕೂಡ ಸ್ಥಾಪಕ ಸದಸ್ಯೆಯಾಗಿದ್ದಳು. 1844ರ ಆಗಸ್ಟ್ 1ರಂದು ಬ್ರಿಟಿಷ್ ವೆಸ್ಟ್ ಇಂಡೀಸ್‌ನ ಗುಲಾಮರ ವಿಮೋಚನೆಯ ವಾರ್ಷಿಕೋತ್ಸವಕ್ಕೆ ಎಮರ್ಸನ್ನನ ಭಾಷಣ ಏರ್ಪಟ್ಟಿತು. ಸಭೆಗೆ ಜನರನ್ನು ಕರೆಯಲು ಚರ್ಚಿನ ಗಂಟೆ ಬಾರಿಸುವವರು ಯಾರೂ ಇಲ್ಲದಾಗ ಥೋರೊ ತಾನೇ ಹೋಗಿ ಗಂಟೆ ಬಾರಿಸಿದನು. ಅದೇ ವರ್ಷ, ಹಿಂದೆ ಮೂಲನಿವಾಸಿಗಳಿಗೆ ಆಶ್ರಯ ಕೊಟ್ಟ ಹೋರ್ ವಂಶದ ಸ್ಯಾಮ್ಯುಯೆಲ್ ಹೋರ್, ಮಸಾಚುಸೆಟ್ಸ್‌ನ ಕಪ್ಪು ನಾವಿಕರನ್ನು ಸೆರೆಹಿಡಿಯುವ ಕಾನೂನನ್ನು ಪ್ರಶ್ನಿಸಲು ದಕ್ಷಿಣ ಕೆರೊಲಿನಾದ ಚಾರ್ಲ್ಸ್ಟನ್ನಿಗೆ ಹೋಗಿ, ಮಗಳೊಡನೆ ಅಲ್ಲಿಂದ ಹೊರದೂಡಲ್ಪಟ್ಟನು.

ಗುಲಾಮಗಿರಿಯನ್ನೂ ಮೆಕ್ಸಿಕೊ ಯುದ್ಧವನ್ನೂ ನಡೆಸುವ ಸರ್ಕಾರಕ್ಕೆ ತಲೆಗಂದಾಯ ಕೊಡುವುದಿಲ್ಲವೆಂಬುದು ಥೋರೊನ ನಿಲುವು. ಇದಕ್ಕಾಗಿ 1846ರ ಜುಲೈನಲ್ಲಿ ಅವನು ಊರಿನ ಸೆರೆಮನೆಯಲ್ಲಿ ಒಂದು ರಾತ್ರಿ ಕಳೆದನು. ಯಾರೋ ಕಂದಾಯ ಕಟ್ಟಿದ್ದರಿಂದ ಮರುದಿನ ಬಿಡುಗಡೆಯಾಯಿತು. ಈ ಅನುಭವದಿಂದ ಹುಟ್ಟಿದ ಉಪನ್ಯಾಸವು 1849ರಲ್ಲಿ ಅಚ್ಚಾಯಿತು. ಅವನ ಮರಣಾನಂತರ 1866ರಲ್ಲಿ ‘ಸಿವಿಲ್ ಡಿಸ್‌ಒಬೀಡಿಯೆನ್ಸ್’ ಎಂಬ ಹೆಸರು ಪಡೆಯಿತು. 1907ರಲ್ಲಿ ಗಾಂಧೀಜಿಯವರು ದಕ್ಷಿಣ ಆಫ್ರಿಕದ ತಮ್ಮ ‘ಇಂಡಿಯನ್ ಒಪೀನಿಯನ್’ ಪತ್ರಿಕೆಯಲ್ಲಿ ಇದರ ಸಾರವನ್ನು ಪ್ರಕಟಿಸಿದರು. ಗಾಂಧೀಜಿಯವರ ಸತ್ಯಾಗ್ರಹದ ಕಲ್ಪನೆ ಥೋರೊನಿಂದಲೇ ಬಂದಿತೆಂಬ ಮಾತು ಸರಿಯಲ್ಲ. 1935ರಲ್ಲಿ ಪಿ. ಕೋದಂಡರಾವ್ ಅವರಿಗೆ ಬರೆದ ಪತ್ರದಲ್ಲಿ ಸ್ವತಃ ಗಾಂಧೀಜಿಯವರೇ ಅದನ್ನು ಅಲ್ಲಗಳೆದು, ಈ ಪ್ರಬಂಧವು ತಮ್ಮ ಕೈಸೇರುವ ಮೊದಲೇ ದಕ್ಷಿಣ ಆಫ್ರಿಕದ ಪ್ರತಿರೋಧ ಸಾಕಷ್ಟು ಮುಂದುವರಿದಿತ್ತೆಂದು ಸ್ಪಷ್ಟಪಡಿಸಿದ್ದಾರೆ. ತಮ್ಮ ದಾರಿಗೆ ದೊರೆತ ಸಮರ್ಥನೆಯಾಗಿ ಅವರು ಅದನ್ನು ಕಂಡರು ಎನ್ನುವುದೇ ಯುಕ್ತ. ಮುಂದೆ 1930ರ ದಶಕದಲ್ಲಿ ಅಂಕೋಲಾ, ಸಿದ್ದಾಪುರಗಳ ರೈತರು ಜಮೀನು ಕಳೆದುಕೊಂಡೂ ನಡೆಸಿದ ಕರನಿರಾಕರಣೆಯು ಗಾಂಧೀಜಿಯವರ ಈ ದಾರಿಯಲ್ಲಿಯೇ ನಡೆದುದು. ಕಾಂಕರ್ಡಿನಲ್ಲಿ ಒಬ್ಬ ವ್ಯಕ್ತಿಯ ಒಂದು ರಾತ್ರಿಯ ನಿರಾಕರಣೆಯಾಗಿದ್ದುದು ಇಲ್ಲಿ ಇಡೀ ಊರುಗಳ ನಿರಾಕರಣೆಯಾಗಿತ್ತು.

ಬ್ರಾನ್ಸನ್ ಆಲ್ಕಾಟ್‌ನ ಮಗಳು ಲೂಯಿಸಾ ಮೇ ಆಲ್ಕಾಟ್ ಅಂತರ್ಯುದ್ಧದ ಕಾಲದಲ್ಲಿ ದಾದಿಯಾಗಿ ದುಡಿದು, ವಿಷಮಶೀತ ಜ್ವರಕ್ಕೆ ತುತ್ತಾಗಿ ಆರೋಗ್ಯ ಕಳೆದುಕೊಂಡಳು. ತಂದೆಯ ಆದರ್ಶಗಳಿಂದ ಮನೆ ನಡೆಯುತ್ತಿರಲಿಲ್ಲ. ‘ಆರ್ಚರ್ಡ್ ಹೌಸ್’ ಎಂಬ ಮನೆಯ ಪುಟ್ಟ ಮೇಜಿನ ಮೇಲೆ ಅವಳು ಬರೆದ ‘ಲಿಟ್ಲ್ ವಿಮೆನ್’ 1868ರಲ್ಲಿ ಹೊರಬಂದು ಕುಟುಂಬದ ಸಾಲವನ್ನು ತೀರಿಸಿತು. 1875ರಲ್ಲಿ ಉತ್ತರ ಸೇತುವೆ ಹೋರಾಟದ ಶತಮಾನೋತ್ಸವಕ್ಕೆ ಅಧ್ಯಕ್ಷ ಗ್ರಾಂಟ್ ಬಂದಾಗ ಊರಿನ ಹೆಂಗಸರಿಗೆ ಕೂರಲು ಸ್ಥಳವಿಡದ ಬಗ್ಗೆ ಅವಳು ಪತ್ರಿಕೆಯಲ್ಲಿ ಪ್ರತಿಭಟಿಸಿ ಬರೆದಳು. ಶಾಲಾ ಸಮಿತಿಯ ಚುನಾವಣೆಯಲ್ಲಿ ಮಹಿಳೆಯರು ಮತ ಹಾಕಬಹುದೆಂದು 1879ರಲ್ಲಿ ಕಾನೂನಾದಾಗ ಕಾಂಕರ್ಡಿನಲ್ಲಿ ಮೊದಲು ಹೆಸರು ನೋಂದಾಯಿಸಿದವಳು ಅವಳೇ. 1880ರ ಊರ ಸಭೆಯಲ್ಲಿ ಅವಳೂ ಸೇರಿ 20 ಮಹಿಳೆಯರು ಮತ ಚಲಾಯಿಸಿದರು. ಸೇತುವೆಯ ಹೋರಾಟ ನಡೆದು ಆಗ 105 ವರ್ಷಗಳಾಗಿದ್ದವು.

ಬೆಳೆದವರು, ಕೊಯ್ದವರು

ಲೇಖಕರಲ್ಲದ ಇಬ್ಬರನ್ನು ಇಲ್ಲಿ ಸ್ಮರಿಸಬೇಕು. ಆಲ್ಕಾಟ್ ಮತ್ತು ಹಾಥಾರ್ನ್ ಕುಟುಂಬಗಳ ನೆರೆಯವನಾದ ಎಫ್ರೈಮ್ ವೇಲ್ಸ್ ಬುಲ್ ಕಾಡುದ್ರಾಕ್ಷಿಯ ಬೀಜಗಳಿಂದ ಹಲವು ವರ್ಷ ಸಸಿಗಳನ್ನು ಬೆಳೆಸಿ, ನ್ಯೂ ಇಂಗ್ಲೆಂಡಿನ ಚಳಿಯನ್ನು ತಾಳುವ ‘ಕಾಂಕರ್ಡ್ ದ್ರಾಕ್ಷಿ’ ತಳಿಯನ್ನು 1849ರಲ್ಲಿ ಪಡೆದನು. 1853ರಲ್ಲಿ ಅದನ್ನು ಪ್ರದರ್ಶಿಸಿದನು. ಸಸಿ ಮಾರಾಟಗಾರರು ಅದನ್ನು ತಾವೇ ಬೆಳೆಸಿ ಲಾಭ ಮಾಡಿಕೊಂಡರು. 1869ರಿಂದ ವೆಲ್ಚ್ ಕುಟುಂಬ ಈ ಹಣ್ಣಿನ ರಸದಿಂದ ದೊಡ್ಡ ಉದ್ಯಮ ಕಟ್ಟಿತು. ಬುಲ್ ಮಾತ್ರ 1895ರಲ್ಲಿ ಬಡವನಾಗಿಯೇ ಸತ್ತನು. ತಾನು ಬಿತ್ತಿದ್ದನ್ನು ಇತರರು ಕೊಯ್ದರೆಂಬ ಭಾವದ ಬರಹ ಅವನ ಸಮಾಧಿಯ ಮೇಲಿದೆ. ಇನ್ನೊಬ್ಬ ಡೇನಿಯಲ್ ಚೆಸ್ಟರ್ ಫ್ರೆಂಚ್. 1875ರ ಶತಮಾನೋತ್ಸವಕ್ಕಾಗಿ ತನ್ನ 25ನೆಯ ವಯಸ್ಸಿಗೂ ಮುನ್ನ ಅವನು ರೂಪಿಸಿದ, ಒಂದು ಕೈ ನೇಗಿಲ ಮೇಲಿಟ್ಟು ಇನ್ನೊಂದರಲ್ಲಿ ಕೋವಿ ಹಿಡಿದ ರೈತಯೋಧನ ಕಂಚಿನ ಪ್ರತಿಮೆ ಸೇತುವೆಯ ಬಳಿ ನಿಂತಿದೆ. ವಾಷಿಂಗ್ಟನ್ನಿನ ಲಿಂಕನ್ ಸ್ಮಾರಕದಲ್ಲಿರುವ ಲಿಂಕನ್ನನ ಆಸೀನ ಮೂರ್ತಿಯೂ ಇವನ ಕಲ್ಪನೆಯದೇ.

ಎಲೆನ್ ಗ್ಯಾರಿಸನ್

1835ರ ಸೆಪ್ಟೆಂಬರ್ 12ರಂದು ಕಾಂಕರ್ಡ್ ತನ್ನ ದ್ವಿಶತಮಾನೋತ್ಸವವನ್ನು ಆಚರಿಸಿತು. ಎಮರ್ಸನ್ ಊರಿನ ಚರಿತ್ರೆಯನ್ನು ಕುರಿತು ದೀರ್ಘ ಉಪನ್ಯಾಸ ಮಾಡಿದನು. ಆ ದಿನದ ಮೆರವಣಿಗೆಯಲ್ಲಿ ಶಾಲಾಮಕ್ಕಳ ಸಾಲಿನಲ್ಲಿ 12 ವರ್ಷದ ಎಲೆನ್ ಗ್ಯಾರಿಸನ್, ತನ್ನ ಬಿಳಿಯ ಸಹಪಾಠಿಯೊಬ್ಬಳ ಕೈ ಹಿಡಿದು, ನೋಡುವವರ ಕಣ್ಣುಗಳೆಲ್ಲ ತನ್ನ ಮೇಲಿರುವಂತೆಯೇ ನಡೆದಳು. ಮೇಲೆ ಹೇಳಿದ ಸೂಸನ್ ಗ್ಯಾರಿಸನ್ ಅವಳ ತಾಯಿ. ತಂದೆ ನ್ಯೂ ಜೆರ್ಸಿಯ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದವನು. ಕ್ರಾಂತಿಯ ಸೈನ್ಯದಲ್ಲಿದ್ದ ಸೀಸರ್ ರಾಬಿನ್ಸ್ ಅವಳ ಅಜ್ಜ.

ಅಂತರ್ಯುದ್ಧದ ನಂತರ ಎಲೆನ್ ಮೇರಿಲ್ಯಾಂಡ್‌ನಲ್ಲಿ ಬಿಡುಗಡೆಗೊಂಡ ಗುಲಾಮರಿಗೆ ಅಕ್ಷರ ಕಲಿಸಿದಳು. ನಾಗರಿಕ ಹಕ್ಕುಗಳ ಕಾಯಿದೆ ಅಂಗೀಕಾರವಾದ 1866ರಲ್ಲಿಯೇ, ಬಾಲ್ಟಿಮೋರ್ ರೈಲುನಿಲ್ದಾಣದ ಮಹಿಳೆಯರ ನಿರೀಕ್ಷಣಾ ಕೊಠಡಿಯಿಂದ ಅವಳನ್ನೂ ಸಹಶಿಕ್ಷಕಿಯನ್ನೂ ಬಲವಂತವಾಗಿ ಹೊರಹಾಕಲಾಯಿತು. ಆ ಕಾಯಿದೆಗೆ ನಿಜವಾಗಿ ಬಲವಿದೆಯೇ ಎಂದು ಪರೀಕ್ಷಿಸಲು ಅವಳು ನ್ಯಾಯಾಲಯದ ಮೊರೆಹೊಕ್ಕಳು. ಪ್ರಯತ್ನ ಫಲಿಸಲಿಲ್ಲ. ಗಾಂಧೀಜಿಯವರು ಪೀಟರ್‌ಮಾರಿಟ್ಸ್‌ಬರ್ಗ್ ನಿಲ್ದಾಣದಲ್ಲಿ ರೈಲಿನಿಂದ ಹೊರದಬ್ಬಿಸಿಕೊಂಡು ಚಳಿಯಲ್ಲಿ ರಾತ್ರಿ ಕಳೆದುದು ಇದಾದ 27 ವರ್ಷಗಳ ಅನಂತರ, 1893ರಲ್ಲಿ. ಇಬ್ಬರಿಗೂ ಒಬ್ಬರ ವಿಷಯ ಇನ್ನೊಬ್ಬರಿಗೆ ತಿಳಿದಿರುವ ಸಂಭವವಿಲ್ಲ. ಎದುರಿಸಿದ ಅನ್ಯಾಯ ಮಾತ್ರ ಒಂದೇ ಜಾತಿಯದು. ಎಲೆನ್ 1892ರಲ್ಲಿ ಕ್ಯಾಲಿಫೋರ್ನಿಯಾದ ಪಸಡೀನದಲ್ಲಿ ತೀರಿಕೊಂಡಳು. ಅವಳ ಸಮಾಧಿಗೆ ಬಹುಕಾಲ ಗುರುತಿನ ಕಲ್ಲೂ ಇರಲಿಲ್ಲ.

ಉಪಸಂಹಾರ

ಊರಿನ ‘ಸ್ಲೀಪಿ ಹಾಲೊ’ ಸ್ಮಶಾನದ ಒಂದು ದಿಬ್ಬದ ಮೇಲೆ ಥೋರೊ (1862), ಹಾಥಾರ್ನ್ (1864), ಎಮರ್ಸನ್ (1882), ಲೂಯಿಸಾ ಆಲ್ಕಾಟ್ (1888) ಇವರ ಸಮಾಧಿಗಳು ಕೂಗಳತೆಯ ಅಂತರದಲ್ಲಿವೆ. ಆರ್ಚರ್ಡ್ ಹೌಸ್ 1912ರಲ್ಲಿ ವಸ್ತುಸಂಗ್ರಹಾಲಯವಾಯಿತು. 1922ರಲ್ಲಿ ಎಮರ್ಸನ್, ಹೋರ್ ಮೊದಲಾದ ಕುಟುಂಬಗಳು ವಾಲ್ಡನ್ ಕೊಳದ ಸುತ್ತಲಿನ ಭೂಮಿಯನ್ನು ರಾಜ್ಯಕ್ಕೆ ದಾನ ಮಾಡಿದವು. ಭೂಮಿ ನನ್ನದೆನ್ನುವವರನ್ನು ಹಂಗಿಸಿ ಕವನ ಬರೆದವನ ವಂಶಜರು ಭೂಮಿಯನ್ನು ಸಾರ್ವಜನಿಕರಿಗೆ ಬಿಟ್ಟುಕೊಟ್ಟುದು ಉಚಿತವಾಗಿಯೇ ಇದೆ. 1959ರಲ್ಲಿ ಯುದ್ಧಭೂಮಿ ರಾಷ್ಟ್ರೀಯ ಉದ್ಯಾನವಾಯಿತು. ಸೀಸರ್ ರಾಬಿನ್ಸ್‌ನ ಮಕ್ಕಳು ಬಾಳಿದ, 1820ರ ದಶಕದ ಸಣ್ಣ ಮರದ ಮನೆಯು ಕೆಡವುವ ಭೀತಿಯಿಂದ ಪಾರಾಗಿ 2011ರಲ್ಲಿ ಉತ್ತರ ಸೇತುವೆಯ ಸಮೀಪಕ್ಕೆ ಸ್ಥಳಾಂತರಗೊಂಡಿತು.

ಒಟ್ಟಿನಲ್ಲಿ ಹೇಳುವುದಾದರೆ, ಕಾಂಕರ್ಡಿನ ಹಿರಿಮೆ ಅದು ಸ್ವಾತಂತ್ರ್ಯವನ್ನು ಪೂರ್ತಿಯಾಗಿ ಸಾಧಿಸಿತು ಎಂಬುದರಲ್ಲಿಲ್ಲ. 1775ರಲ್ಲಿ ಘೋಷಿಸಿದ ತತ್ತ್ವವನ್ನು ಊರಿನವರೇ, ಒಬ್ಬರಾದ ಮೇಲೆ ಒಬ್ಬರು, ಊರಿನ ಮುಂದೆಯೇ ಹಿಡಿದು ಪ್ರಶ್ನಿಸಿದರು ಎಂಬುದರಲ್ಲಿದೆ. ಒಬ್ಬ ವಕೀಲ ಸಮಾಧಿಯ ಕಲ್ಲಿನ ಮೇಲೆ, ಒಬ್ಬ ಲೇಖಕ ಪುಸ್ತಕದ ಅಧ್ಯಾಯದಲ್ಲಿ, ಒಬ್ಬ ಕಾದಂಬರಿಗಾರ್ತಿ ಮತಪೆಟ್ಟಿಗೆಯ ಮುಂದೆ, ಒಬ್ಬ ಶಿಕ್ಷಕಿ ರೈಲುನಿಲ್ದಾಣದಲ್ಲಿ ಆ ಪ್ರಶ್ನೆಯನ್ನು ಕೇಳಿದ್ದಾರೆ. ಇಂದು ಸೇತುವೆಯನ್ನು ನೋಡಲು ಬರುವವರು ರೈತಯೋಧನ ಪ್ರತಿಮೆಯನ್ನೂ ಅದರ ಸಮೀಪದಲ್ಲಿರುವ ರಾಬಿನ್ಸ್ ಮನೆಯನ್ನೂ ಒಂದೇ ಭೇಟಿಯಲ್ಲಿ ಕಾಣಬಹುದು. ಈ ಎರಡನ್ನೂ ಒಟ್ಟಿಗೆ ಓದಿದಾಗ ಮಾತ್ರ ಕಾಂಕರ್ಡಿನ ಚರಿತ್ರೆ ಪೂರ್ಣವಾಗುತ್ತದೆ.